ಮೆಣಸಿನಕಾಯಿ ಚೀಲದ ನೀಲಿ ದಾರ

“ಮಾವ, ಕೆಂಪಿಗೂ ಹಸಿರಿಗೂ ವ್ಯತ್ಯಾಸ ತಿಳಿಯದವನು ಆಕಾಶಕ್ಕೆ ಬಣ್ಣ ಕೊಡಬಹುದೇ?”

ತಿಪ್ಪೇಶ ಹೀಗೆ ಕೇಳಿ, ಮರದ ಪೆಟ್ಟಿಗೆಯೊಂದನ್ನು ನನ್ನ ಮೇಜಿನ ಮೇಲಿಟ್ಟ. ಅದರೊಳಗೆ ಇರುವುದು ಮೂರು ಗಾಜಿನ ಬಿಲ್ಲೆಗಳು. ಫಿಲ್ಟರ್ ಎನ್ನುತ್ತಾರೆ. ನಾನೇ ಅವನಿಗೆ ಕೊಟ್ಟದ್ದು. ನೀಹಾರಿಕೆಗಳ ಚಿತ್ರ ತೆಗೆಯುವುದನ್ನು ಕಲಿಯಲು ನನ್ನ ಬಳಿ ಬಂದವರಿಗೆ ಮೊದಲ ದಿನವೇ ಇಂಥ ಪೆಟ್ಟಿಗೆಯೊಂದನ್ನು ಕೊಡುತ್ತೇನೆ. ಸಾಕು ಎನಿಸಿದವರು ಅದನ್ನು ತಂದು ಈ ಮೇಜಿನ ಮೇಲೆ ಇಡಬೇಕು. ಕಾರಣ ಹೇಳಬೇಕಾಗಿಲ್ಲ. ಪೆಟ್ಟಿಗೆ ಮೇಜಿಗೆ ಬಂತು ಎಂದರೆ ಶಿಷ್ಯತ್ವ ಮುಗಿಯಿತು.

ಅಲ್ಲಿಯವರೆಗೆ ಒಬ್ಬರೂ ಪೆಟ್ಟಿಗೆಯನ್ನು ತಿರುಗಿ ತಂದಿರಲಿಲ್ಲ. ಯಾಕೆಂದರೆ ನನ್ನಂಥ ಗುರು ಮೂರು ಲೋಕದಲ್ಲೂ ಇನ್ನೊಬ್ಬನಿಲ್ಲ. ಉಳಿದ ಎರಡು ಲೋಕಗಳಲ್ಲಿ ನಾನು ವಿಚಾರಿಸಿಲ್ಲ, ಆ ಮಾತು ಬೇರೆ. ಒಂದಿಬ್ಬರು ಪೆಟ್ಟಿಗೆಯ ಸಮೇತ ಪರಾರಿಯಾದದ್ದು ಉಂಟು. ಅದನ್ನು ನಾನು ಗುರುಭಕ್ತಿಯ ಲೆಕ್ಕಕ್ಕೇ ಸೇರಿಸಿಕೊಂಡಿದ್ದೇನೆ.

ಆಷಾಢದ ಮಧ್ಯಾಹ್ನ. ಚಿತ್ರದುರ್ಗದ ಮೇಲೆ ಬೂದಿ ಬಳಿದಂತೆ ಮೋಡ. ಇಂಥ ದಿನಗಳಲ್ಲಿ ದೂರದರ್ಶಕಕ್ಕೆ ರಜೆ. ಬೇಸಿಗೆಯಲ್ಲಿ ಹಿಡಿದಿಟ್ಟ ಬೆಳಕನ್ನು ಕಂಪ್ಯೂಟರಿನ ಮುಂದೆ ಕುಳಿತು ಚಿತ್ರ ಮಾಡುವ ಕಾಲ ಅದು. ನನ್ನ ಶಿಷ್ಯರೆಲ್ಲ ಈ ದಿನಗಳಿಗಾಗಿ ಕಾಯುತ್ತಾರೆ. ತಿಪ್ಪೇಶ ಎಲ್ಲರಿಗಿಂತ ಹೆಚ್ಚು ಕಾಯುತ್ತಿದ್ದ. ಅವನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ಮಾತು ಕಡಿಮೆ. ಬೇರೆಯವರು ಹಬ್ಬಕ್ಕೆ ಬಟ್ಟೆ ಕೊಂಡರೆ ಇವನು ದೂರದರ್ಶಕಕ್ಕೆ ಹೊದಿಕೆ ಹೊಲಿಸಿದವನು.

“ಕೂತ್ಕೊಳ್ಳೋ. ಪೆಟ್ಟಿಗೆಯ ವಿಷಯ ಆಮೇಲೆ,” ಎಂದೆ.

“ಕೂತ್ಕೊಳ್ಳೋಕೆ ಬಂದಿಲ್ಲ ಮಾವ. ಇಟ್ಟು ಹೋಗೋಕೆ ಬಂದೆ.”

“ಇಟ್ಟಾಯಿತಲ್ಲ. ಹೋಗೋದಕ್ಕೆ ಮೊದಲು ನೀನು ಒಂದು ಪ್ರಶ್ನೆ ಕೇಳಿಬಿಟ್ಟೆ. ಪ್ರಶ್ನೆ ಕೇಳಿದವನಿಗೆ ಉತ್ತರ ಕೊಡದೆ ಕಳಿಸಿದರೆ ನನ್ನ ಕೀರ್ತಿ ಏನಾಗಬೇಕು? ಒಮ್ಮೆ ನಾನು ಮಹಡಿಯ ಮೇಲೆ ಸೀನಿದ್ದಕ್ಕೆ ಧೂಮಕೇತುವೊಂದು ದಾರಿ ತಪ್ಪಿ ಹಿರಿಯೂರಿನ ಕಡೆ ಹೋಯಿತು. ಅಂಥವನು ನಾನು.”

“ಹೋದದ್ದು ಧೂಮಕೇತು ಅಲ್ಲ ತಿಪ್ಪೇಶ, ನಾನು ಒಣಗಲು ಹಾಕಿದ್ದ ಹಪ್ಪಳ,” ಎಂದು ಒಳಗಿನಿಂದ ನನ್ನ ಹೆಂಡತಿ ಕೂಗಿದಳು. ನನ್ನ ಶಿಷ್ಯರೆಲ್ಲ ಅವಳನ್ನು ಅತ್ತೆ ಎಂದು ಕರೆಯುತ್ತಾರೆ. ನನ್ನ ಮಾತಿಗೆ ತಕ್ಕಡಿ ಹಿಡಿಯುವುದು ಅವಳ ಕೆಲಸ.

ತಿಪ್ಪೇಶ ನಗಲಿಲ್ಲ. ಆದರೆ ಕುಳಿತ.

ಅವನಿಗೆ ಆದದ್ದನ್ನು ಹೇಳಬೇಕು. ಅದಕ್ಕೆ ನಮ್ಮ ಕೆಲಸದ ಒಂದು ಗುಟ್ಟನ್ನೂ ಹೇಳಬೇಕು.

ನೀಹಾರಿಕೆ ಎಂದರೆ ಆಕಾಶದಲ್ಲಿ ಹರಡಿಕೊಂಡಿರುವ ಅನಿಲದ ಮೋಡ. ಅದರಲ್ಲಿ ಜಲಜನಕ ಇದೆ, ಗಂಧಕ ಇದೆ, ಆಮ್ಲಜನಕ ಇದೆ. ಒಂದೊಂದೂ ತನ್ನದೇ ಬೆಳಕನ್ನು ಬೀರುತ್ತದೆ. ನಮ್ಮ ಫಿಲ್ಟರುಗಳು ಬಹಳ ಇಕ್ಕಟ್ಟು. ಒಂದು ಫಿಲ್ಟರ್ ಒಂದು ಅನಿಲದ ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ. ಬೀದಿ ದೀಪ ಬಂದು ಬಾಗಿಲು ತಟ್ಟಿದರೂ ತೆರೆಯುವುದಿಲ್ಲ. ಹೀಗೆ ಮೂರು ಅನಿಲಗಳಿಗೆ ಮೂರು ಚಿತ್ರ. ಮೂರೂ ಕಪ್ಪು ಬಿಳುಪು. ಆಮೇಲೆ ನಾವು ಕುಳಿತು, ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಎಂದು ಬಣ್ಣ ಹಂಚುತ್ತೇವೆ. ಮೂರನ್ನೂ ಸೇರಿಸುತ್ತೇವೆ. ಬಣ್ಣದ ಚಿತ್ರ ಹುಟ್ಟುತ್ತದೆ.

ಗುಟ್ಟು ಏನೆಂದರೆ, ಆ ಚಿತ್ರ ಹುಟ್ಟುವುದೇ ಹಸಿರಾಗಿ. ಜಲಜನಕ ಮಿಕ್ಕ ಎರಡಕ್ಕಿಂತ ಬಹಳ ಹೆಚ್ಚು, ಅದಕ್ಕೆ ಸಿಕ್ಕ ಬಣ್ಣ ಹಸಿರು, ಹಾಗಾಗಿ ಹಸಿರು ಎಲ್ಲವನ್ನೂ ನುಂಗುತ್ತದೆ. ಎಲ್ಲರ ಚಿತ್ರವೂ ಹೀಗೇ. ಆಮೇಲೆ ಎಲ್ಲರೂ ಸದ್ದಿಲ್ಲದೆ ಹಸಿರನ್ನು ಹೊನ್ನಿನ ಕಡೆಗೆ ತಿರುಗಿಸುತ್ತಾರೆ. ನೋಡಿದವರು ಆಹಾ ಎನ್ನುತ್ತಾರೆ.

ತಿಪ್ಪೇಶ ಹದ್ದಿನ ನೀಹಾರಿಕೆಯ ಚಿತ್ರ ಮಾಡಿದ. ಬೇಸಿಗೆಯಿಡೀ ದುಡಿದು ಹಿಡಿದ ಬೆಳಕು ಅದು. ಅವನು ಹಸಿರನ್ನು ತಿರುಗಿಸಲಿಲ್ಲ. ಅವನ ಕಣ್ಣಿಗೆ ಅದು ಆಗಲೇ ಹೊನ್ನಾಗಿತ್ತು.

ನಮ್ಮ ಆಕಾಶ ಬಳಗದ ಸಭೆಯಲ್ಲಿ ಚಿತ್ರವನ್ನು ದೊಡ್ಡ ಪರದೆಯ ಮೇಲೆ ತೋರಿಸಿದರು. ಹಿಂದಿನ ಸಾಲಿನಿಂದ ಯಾರೋ, “ಪಾಲಕ್ ಪನೀರ್ ನೀಹಾರಿಕೆ!” ಎಂದರು. ಸಭೆ ನಕ್ಕಿತು. ತಿಪ್ಪೇಶನೂ ನಕ್ಕ, ಯಾಕೆ ಎಂದು ತಿಳಿಯದೆ. ಮನೆಗೆ ಹೋಗಿ, ಹಸಿರು ಜಾಸ್ತಿಯಂತೆ ಎಂದು ಹಸಿರನ್ನು ಕಡಿದ. ಎಷ್ಟು ಕಡಿದರೂ ಅವನಿಗೆ ವ್ಯತ್ಯಾಸ ಕಾಣಲಿಲ್ಲ. ಇನ್ನಷ್ಟು ಕಡಿದ. ಮುಂದಿನ ಸಭೆಯಲ್ಲಿ ನಕ್ಷತ್ರಗಳೆಲ್ಲ ನೇರಳೆ ಬಣ್ಣದವಾಗಿ ಬಂದವು. ಹಿಂದಿನ ಸಾಲಿನವರು, “ಈ ಸಲ ಬದನೆಕಾಯಿ,” ಎಂದರು.

ಅವನು ಕಣ್ಣಿನ ಡಾಕ್ಟರ ಹತ್ತಿರ ಹೋದ. ಅವರು ಚುಕ್ಕಿಗಳ ಪುಟವೊಂದನ್ನು ತೋರಿಸಿ, ಇದರಲ್ಲಿ ಯಾವ ಅಂಕಿ ಇದೆ ಎಂದು ಕೇಳಿದರು. ಗಣಿತದ ಮೇಷ್ಟರಿಗೆ ಅಂಕಿ ಕಾಣಲಿಲ್ಲ.

“ಬರೀ ಚುಕ್ಕಿ ಮಾವ,” ಎಂದ ತಿಪ್ಪೇಶ. “ಹುಟ್ಟಿನಿಂದಲೇ ಹೀಗಂತೆ. ನೀಲಿ, ಹಳದಿಗೆ ತೊಂದರೆ ಇಲ್ಲವಂತೆ. ಕೆಂಪು, ಹಸಿರು ನನ್ನ ಪಾಲಿಗೆ ಒಂದೇ ಅಂತೆ. ಇಷ್ಟು ವರ್ಷ ಮಾವಿನ ಹಣ್ಣನ್ನು ಮೂಸಿ ಆರಿಸುತ್ತಿದ್ದೆ. ಎಲ್ಲರೂ ಹಾಗೇ ಆರಿಸುತ್ತಾರೆ ಅಂದುಕೊಂಡಿದ್ದೆ.”

“ಮೂಸಿ ಆರಿಸುವುದೇ ಸರಿಯಪ್ಪ. ನಿಮ್ಮ ಮಾವ ನೋಡಿ ಆರಿಸಿ ತರುತ್ತಾರೆ, ಎಲ್ಲ ಹುಳಿ,” ಎಂದಳು ಅತ್ತೆ.

“ಮತ್ತೆ ಚಿತ್ರದಲ್ಲಿರುವುದೆಲ್ಲ ಹೇಗೂ ನಾವೇ ಹಂಚಿದ ಬಣ್ಣ ತಾನೇ? ನೀಹಾರಿಕೆಗೆ ಅಂಟಿಕೊಂಡು ಬಂದದ್ದಲ್ಲವಲ್ಲ,” ಎಂದೆ ನಾನು.

“ಅದೇ ಮಾವ. ಸುಳ್ಳು ಬಣ್ಣ ಹಾಕೋಕೂ ನಿಜವಾದ ಕಣ್ಣು ಬೇಕಲ್ಲ.”

ಈ ಮಾತಿಗೆ ನನ್ನ ಬಳಿ ತಟ್ಟನೆ ಉತ್ತರವಿರಲಿಲ್ಲ. ಇದು ಲೋಕ ಕಂಡ ಅಪರೂಪದ ಘಟನೆ. ಸೂರ್ಯಗ್ರಹಣ ಇದಕ್ಕಿಂತ ಹೆಚ್ಚು ಸಲ ಆಗಿದೆ. ಪೆಟ್ಟಿಗೆ ಮೇಜಿನ ಮೇಲೆ ಇತ್ತು. ಅವನ ಕೈ ಮೊಣಕಾಲಿನ ಮೇಲೆ ಇತ್ತು. ಏಳಲು ಸಿದ್ಧವಾದ ಕೈ.

“ಒಂದು ಕತೆ ಕೇಳು. ಆಮೇಲೆ ಹೋಗು,” ಎಂದೆ.

ಒಂದು ಊರಿನಲ್ಲಿ ಒಬ್ಬ ಚಿತ್ರಗಾರ ಇದ್ದ. ಅವನು ಆಕಾಶದ ಚಿತ್ರ ತೆಗೆಯುತ್ತಿದ್ದ. ಆ ಊರು ಮೆಣಸಿನಕಾಯಿಯ ಊರು. ಅಲ್ಲಿ ದೊಡ್ಡ ಮಂಡಿ ಇತ್ತು. ಮಂಡಿಯ ದೀಪಗಳ ಬೆಳಕು ಎಷ್ಟಿತ್ತೆಂದರೆ ದೀಪದ ಹುಳುಗಳು ಕಪ್ಪು ಕನ್ನಡಕ ಹಾಕಿಕೊಂಡು ಬರುತ್ತಿದ್ದವು. ಆದರೂ ಚಿತ್ರಗಾರನಿಗೆ ತೊಂದರೆ ಇರಲಿಲ್ಲ. ಅವನ ಫಿಲ್ಟರ್ ಇಕ್ಕಟ್ಟಾಗಿತ್ತು.

“ನಿಮ್ಮದಕ್ಕಿಂತ ಇಕ್ಕಟ್ಟೇ?” ಎಂದು ತಿಪ್ಪೇಶ ಕೇಳಿದ.

“ನನ್ನದಕ್ಕಿಂತ ಇಕ್ಕಟ್ಟಾದ ಫಿಲ್ಟರ್ ಭೂಮಿಯ ಮೇಲಿಲ್ಲ. ನನ್ನ ಫಿಲ್ಟರಿನಲ್ಲಿ ಬೆಳಕು ಸಾಲಾಗಿ, ಉಸಿರು ಬಿಗಿ ಹಿಡಿದು, ಅಡ್ಡ ತಿರುಗಿ ಹೋಗಬೇಕು. ಮಧ್ಯೆ ಬಾಯಿ ಹಾಕಬೇಡ.”

ಆ ಚಿತ್ರಗಾರ ಒಂದು ನೀಹಾರಿಕೆಯ ಚಿತ್ರ ಮಾಡಿದ. ಅದರಲ್ಲಿ ಜಲಜನಕ ಇತ್ತು, ಗಂಧಕ ಇತ್ತು. ಆಮ್ಲಜನಕ ಆ ದಿನ ರಜೆ ಹಾಕಿತ್ತು. ಹಾಗಾಗಿ ಕತೆಗೆ ಎರಡೇ ಸಾಕು. ಚಿತ್ರಗಾರ ಜಲಜನಕಕ್ಕೆ ಹಳದಿ ಕೊಟ್ಟ. ಗಂಧಕಕ್ಕೆ ನೀಲಿ ಕೊಟ್ಟ. ಹಳದಿ ಮೋಡದ ಅಂಚಿನಲ್ಲಿ ನೀಲಿಯ ಎಳೆ ಓಡಿತು. ನೋಡಿದವರಿಗೆ ಇಷ್ಟವಾಯಿತು. ಮಂಡಿಯವರು ಅದನ್ನು ತಮ್ಮ ಊಟದ ಮನೆಯ ಗೋಡೆಗೆ ಹಾಕಿಸಿದರು.

ಆ ಮಂಡಿಯಲ್ಲಿ ಒಬ್ಬ ವರ್ತಕ ಇದ್ದ. ಎಲ್ಲರಿಗೂ ಹಿರಿಯ. ಅವನ ಹೆಸರು ನಿಂತದ್ದು ಅವನ ಕಣ್ಣಿನ ಮೇಲೆ. ಕೆಂಪಿನಲ್ಲಿ ಎಷ್ಟು ಬಗೆ ಇದೆಯೋ ಅಷ್ಟನ್ನೂ ಅವನು ಬಲ್ಲ. ರಾಶಿಯ ಮುಂದೆ ನಿಂತು, ಇದು ಕಡ್ಡಿಕಾಯಿ, ಇದು ಡಬ್ಬಿಕಾಯಿ, ಇದು ಕಪ್ಪು ನೆಲದ್ದು, ಇದು ಮಂಜಿನಲ್ಲಿ ಒಣಗಿದ್ದು ಎಂದು ಹೇಳಿದರೆ ಮುಗಿಯಿತು. ಇನ್ನೊಬ್ಬರು ಮಾತಾಡುತ್ತಿರಲಿಲ್ಲ. ಅವನು ದಿಟ್ಟಿಸಿ ನೋಡಿದರೆ ಮೆಣಸಿನಕಾಯಿಗೇ ಖಾರ ಹತ್ತಿ ಕಣ್ಣಲ್ಲಿ ನೀರು ಬರುತ್ತಿತ್ತು.

“ಮೆಣಸಿನಕಾಯಿಗೆ ಕಣ್ಣೆಲ್ಲಿ?” ಎಂದಳು ಅತ್ತೆ.

“ಆ ಊರಿನದಕ್ಕೆ ಇತ್ತು,” ಎಂದೆ.

ಆ ಮಂಡಿಯಲ್ಲಿ ಒಂದು ಪದ್ಧತಿ. ಮಧ್ಯಾಹ್ನದ ಊಟಕ್ಕೆ ಊರಿನ ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಾರೆ. ಕೂಗಿದವರು ಎಲೆಯ ಮುಂದೆ ಕೂರುತ್ತಾರೆ. ಸುಳ್ಳುಗಾರ ಎನಿಸಿಕೊಂಡವನ ಹೆಸರನ್ನು ಕೂಗುವುದಿಲ್ಲ. ಬಯ್ಯುವುದಿಲ್ಲ, ತಳ್ಳುವುದಿಲ್ಲ. ಹೆಸರು ಕೂಗುವುದಿಲ್ಲ, ಅಷ್ಟೇ. ಅದಾದ ಮೇಲೆ ಅವನು ಊರಿನಲ್ಲಿ ಇದ್ದೂ ಇಲ್ಲ.

ವರ್ತಕ ಊಟಕ್ಕೆ ಬಂದ. ಚಿತ್ರವನ್ನು ನೋಡಿದ. ಚಿತ್ರಗಾರನನ್ನು ಕರೆಸಿದ.

“ಇದು ಕಣ್ಣಿಗೆ ಹೀಗೇ ಕಾಣುತ್ತದೆಯೇ?”

“ಇಲ್ಲ. ಈ ಎರಡು ಅನಿಲಗಳ ಬೆಳಕೂ ಕೆಂಪು,” ಎಂದ ಚಿತ್ರಗಾರ.

“ಕೆಂಪನ್ನು ಹಳದಿ ಎಂದೆ. ಕೆಂಪನ್ನು ನೀಲಿ ಎಂದೆ. ನನ್ನ ಮಂಡಿಯ ಗೋಡೆಯ ಮೇಲೆ. ಇಳಿಸಿ ಇದನ್ನು.”

ಚಿತ್ರ ಇಳಿಯಿತು. ಮರುದಿನ ಊಟದ ಮನೆಯಲ್ಲಿ ಚಿತ್ರಗಾರನ ಹೆಸರು ಕೂಗಲಿಲ್ಲ.

ಅವನು ಮನೆಗೆ ಹೋದ. ವಾದ ಮಾಡಲಿಲ್ಲ. ಎರಡು ಅನಿಲಗಳಿಗೂ ಕೆಂಪನ್ನೇ ಕೊಟ್ಟು ಇನ್ನೊಂದು ಚಿತ್ರ ಮಾಡಿದ. ಅದನ್ನು ತಂದು ವರ್ತಕನ ಮುಂದೆ ಹಿಡಿದ. ವರ್ತಕನಿಗೆ ಸಮಾಧಾನವಾಯಿತು. “ಈಗ ಸತ್ಯ ಬಂತು,” ಎಂದ. ಕೆಂಪು ಚಿತ್ರ ಗೋಡೆ ಹತ್ತಿತು. ಹೆಸರು ಮಾತ್ರ ಇನ್ನೂ ಕೂಗಲಿಲ್ಲ. ಸುಳ್ಳುಗಾರ ಎಂಬ ಮಾತು ಹತ್ತಿದಷ್ಟು ಬೇಗ ಇಳಿಯುವುದಿಲ್ಲ.

ವರ್ತಕ ದಿನವೂ ಆ ಚಿತ್ರದ ಕೆಳಗೆ ಕುಳಿತು ಉಂಡ. ಕೆಂಪನ್ನು ಕಂಡರೆ ಸುಮ್ಮನಿರುವ ಕಣ್ಣಲ್ಲ ಅದು. ತುತ್ತಿನ ನಡುವೆ ತಲೆಯೆತ್ತಿ ನೋಡುತ್ತಿದ್ದ. ಎರಡು ಅನಿಲ ಎಂದನಲ್ಲ, ಎಲ್ಲಿದೆ ಎರಡು? ಮೊದಲು ಅಂಚನ್ನು ನೋಡಿದ. ಆಮೇಲೆ ನಡುವನ್ನು ನೋಡಿದ. ಎದ್ದು ಹತ್ತಿರ ಹೋದ. ದೂರ ನಿಂತ. ಸಾರು ಆರಿತು. ಕಡೆಕಡೆಗೆ ಅವನು ಕುಂಬಳಕಾಯಿ ಪಲ್ಯವನ್ನು ಪಾಯಸಕ್ಕೆ ಕಲಸಿಕೊಂಡು ಉಂಡನಂತೆ. ರುಚಿ ತಿಳಿಯಲಿಲ್ಲವಂತೆ.

ಅವನ ನಿದ್ದೆ ಕೆಟ್ಟಿತು. ಹುಟ್ಟಿದ ಮೇಲೆ ಮೊದಲ ಸಲ ಒಂದು ಕೆಂಪಿನ ರಾಶಿ ಅವನ ಮಾತು ಕೇಳಿರಲಿಲ್ಲ.

ಕೊನೆಗೆ ಚಿತ್ರಗಾರನನ್ನು ಕರೆಸಿದ.

“ಎರಡು ಎಂದೆ. ಇಲ್ಲಿ ಇರುವುದು ಒಂದೇ. ನಿನ್ನ ಚಿತ್ರ ಕೆಟ್ಟಿದೆ.”

“ಚಿತ್ರ ಬೇಡ. ಬೆಳಕನ್ನೇ ನೋಡಿ,” ಎಂದ ಚಿತ್ರಗಾರ.

ಅವನು ಒಂದು ಪರದೆ ಕಟ್ಟಿದ. ಪರದೆಯ ಹಿಂದೆ ಎರಡು ದೀಪ ಇಟ್ಟ. ಒಂದರ ಮುಂದೆ ಜಲಜನಕದ ಫಿಲ್ಟರ್, ಇನ್ನೊಂದರ ಮುಂದೆ ಗಂಧಕದ ಫಿಲ್ಟರ್. ಗಂಧಕದ್ದು ಕೊಂಚ ಮಂಕಾಗಿತ್ತು. ಆ ದೀಪವನ್ನು ಏರಿಸಿ ಎರಡನ್ನೂ ಸಮ ಮಾಡಿದ. ಪರದೆಯಲ್ಲಿ ಎರಡು ತೂತು ಕೊರೆದ. ಎರಡು ಕೆಂಪು ಬೊಟ್ಟು ಬೆಳಗಿದವು.

“ಯಾವುದು ಯಾವುದು, ಹೇಳಿ.”

ವರ್ತಕ ನೋಡಿದ. ಮಂಡಿಯೇ ಬಂದು ಹಿಂದೆ ನಿಂತಿತು. ಅವನು ಒಂದು ಕಣ್ಣು ಮುಚ್ಚಿ ನೋಡಿದ. ಇನ್ನೊಂದು ಕಣ್ಣು ಮುಚ್ಚಿ ನೋಡಿದ. ಬಗ್ಗಿ ನೋಡಿದ. ರಾಶಿಯ ಮುಂದೆ ಮಾಡುವಂತೆ ಕೈ ಚಾಚಿ ಬೆಳಕನ್ನು ಬೆರಳಿನಲ್ಲಿ ಉಜ್ಜಿದ, ಮೂಸಿದ, ನಾಲಗೆಗೆ ಹಚ್ಚಿಕೊಂಡ. ಬೆಳಕಿಗೆ ಖಾರ ಇರಲಿಲ್ಲ. “ಎಡಗಡೆಯದು ಜಲಜನಕ,” ಎಂದ. ಅದು ಗಂಧಕವಾಗಿತ್ತು. ಚಿತ್ರಗಾರ ಪರದೆಯ ಹಿಂದೆ ಹೋಗಿ ಬಂದ. ವರ್ತಕ ಮತ್ತೆ ಹೇಳಿದ. ಮತ್ತೆ ತಪ್ಪಿತು. ಆಮೇಲೊಮ್ಮೆ ಸರಿಯಾಯಿತು. ಅದು ತಪ್ಪಿದ್ದಕ್ಕಿಂತ ಹೆಚ್ಚು ನೋಯಿಸಿತು. ಯಾಕೆಂದರೆ ಹೇಗೆ ಸರಿಯಾಯಿತು ಎಂದು ಅವನಿಗೇ ಗೊತ್ತಿರಲಿಲ್ಲ.

ಅವನು ಚೀಲದ ಮೇಲೆ ಕುಳಿತುಬಿಟ್ಟ. ಜನರ ಕಡೆ ನೋಡಲಿಲ್ಲ.

“ನನ್ನ ಕಣ್ಣು ಹೋಯಿತೇ?” ಎಂದು ಮೆಲ್ಲಗೆ ಕೇಳಿದ.

“ಹೋಗಿಲ್ಲ,” ಎಂದ ಚಿತ್ರಗಾರ. “ಅಷ್ಟು ದೂರ ಅದು ಬಂದೇ ಇರಲಿಲ್ಲ. ನನ್ನದೂ ಬಂದಿಲ್ಲ. ಇಲ್ಲಿ ನಿಂತಿರುವ ಯಾರದೂ ಬಂದಿಲ್ಲ. ಈ ಎರಡು ಕೆಂಪನ್ನು ಬಿಡಿಸಿ ನೋಡುವಂತೆ ಮನುಷ್ಯನ ಕಣ್ಣು ಆಗಿಲ್ಲ.”

“ಹಾಗಾದರೆ ಎರಡು ಇದೆ ಎಂದು ನಿನಗೆ ಹೇಗೆ ಗೊತ್ತು?”

“ಫಿಲ್ಟರ್ ಹೇಳಿತು. ಒಂದೊಂದನ್ನೇ ಬಿಟ್ಟುಕೊಂಡಿತು. ಒಂದು ಎಲ್ಲಿದೆ, ಇನ್ನೊಂದು ಎಲ್ಲಿದೆ ಎಂದು ಬೇರೆ ಬೇರೆ ಚಿತ್ರ ಬಂತು. ಅಷ್ಟರವರೆಗೆ ಬಣ್ಣವೇ ಇಲ್ಲ. ಬಣ್ಣ ಆಮೇಲೆ ನಾನು ಕಟ್ಟಿದ್ದು.”

“ಕಟ್ಟಿದ್ದು ಎಂದರೆ?”

ಚಿತ್ರಗಾರ ಅಂಗಳದ ಕಡೆ ತೋರಿಸಿದ. ಅಲ್ಲಿ ಚೀಲಗಳನ್ನು ಗೋಡೆಯಂತೆ ಒಟ್ಟಿದ್ದರು. ಎಲ್ಲ ಒಂದೇ ಗೋಣಿ, ಎಲ್ಲದರ ಬಾಯಿ ಹೊಲಿದಿತ್ತು. ಒಳಗೆ ಯಾವ ಕಾಯಿ ಎಂದು ಹೊರಗಿನಿಂದ ತಿಳಿಯುವಂತಿರಲಿಲ್ಲ. ಅದಕ್ಕಾಗಿ ಆ ಮಂಡಿಯವರು ಚೀಲದ ಬಾಯಿಗೆ ದಾರ ಕಟ್ಟುತ್ತಿದ್ದರು. ಕಡ್ಡಿಕಾಯಿಗೆ ಹಳದಿ ದಾರ. ಡಬ್ಬಿಕಾಯಿಗೆ ನೀಲಿ ದಾರ. ಈ ಪದ್ಧತಿಯನ್ನು ಹಾಕಿಕೊಟ್ಟವನು ಆ ವರ್ತಕನ ಅಜ್ಜ.

“ಯಜಮಾನರೇ, ನೀಲಿ ದಾರದ ಚೀಲದಲ್ಲಿ ನೀಲಿ ಮೆಣಸಿನಕಾಯಿ ಇದೆಯೇ?”

ವರ್ತಕ ಚೀಲಗಳನ್ನು ನೋಡಿದ. ದಾರಗಳನ್ನು ನೋಡಿದ. ತಾನು ಕುಳಿತಿದ್ದ ಚೀಲದ ದಾರವನ್ನೂ ಬಗ್ಗಿ ನೋಡಿದ. ನೀಲಿ. ಆಮೇಲೆ ಅವನ ಹೊಟ್ಟೆ ಅಲುಗಿತು. ನಗು ಬಂತು. ಆ ನಗುವಿಗೆ ಮಂಡಿಯ ಪಾರಿವಾಳಗಳು ಹಾರಿದವು, ಪಕ್ಕದ ತಾಲ್ಲೂಕಿನಲ್ಲಿ ಇಳಿದವು.

“ಆ ಹಳೆಯ ಚಿತ್ರ ತನ್ನಿ,” ಎಂದ.

ತಂದರು. ವರ್ತಕ ತಾನೇ ಅದನ್ನು ಎತ್ತಿ ಹಿಡಿದ. ಆದರೆ ಗೋಡೆಗೆ ಹಾಕುವ ಮೊದಲು ಮೊಳೆಯ ಮುಂದೆ ನಿಂತ. ವ್ಯಾಪಾರಿಯ ಬುದ್ಧಿ ಬಿಡುತ್ತದೆಯೇ?

“ನಿನ್ನ ಬಣ್ಣವೂ ದಾರ ಎಂದ ಮೇಲೆ ನಮ್ಮ ಮಂಡಿಯ ಕಟ್ಟಳೆ ನಿನಗೂ ಉಂಟು. ಯಾವ ದಾರ ಯಾವುದಕ್ಕೆ ಎಂದು ಬಾಗಿಲಲ್ಲಿ ಬರೆದು ಹಾಕಬೇಕು. ಇನ್ನೊಂದು, ಒಳಗೆ ಕಾಯಿ ಇಲ್ಲದ ಚೀಲಕ್ಕೆ ದಾರ ಕಟ್ಟಬಾರದು.”

ಚಿತ್ರಗಾರ ತಲೆ ತಗ್ಗಿಸಿದ. ಚಿತ್ರದ ಬಲಗಡೆಯ ಮೂಲೆಯಲ್ಲಿ ಒಂದಿಷ್ಟು ನೀಲಿ ಇತ್ತು. ಅಲ್ಲಿ ಗಂಧಕ ಇರಲಿಲ್ಲ. ಮೂಲೆ ಬೋಳಾಗಿ ಕಾಣುತ್ತದೆ ಎಂದು, ಇಲ್ಲದ ಬೆಳಕನ್ನು ಎಳೆದು ಎಳೆದು ಹೊಗೆಯಷ್ಟು ನೀಲಿ ಮಾಡಿದ್ದ. ಎಲ್ಲರೂ ಅದನ್ನೇ ಚಂದ ಎಂದಿದ್ದರು. ಅವನು ಚಿತ್ರವನ್ನು ಮನೆಗೆ ಒಯ್ದ. ಮೂಲೆಯ ನೀಲಿಯನ್ನು ತೆಗೆದು, ಹೊಸದಾಗಿ ಮುದ್ರಿಸಿ ತಂದ. ಕೆಳಗೆ ಒಂದು ಚೀಟಿ ಅಂಟಿಸಿದ. ಹಳದಿ ಎಂದರೆ ಜಲಜನಕ, ನೀಲಿ ಎಂದರೆ ಗಂಧಕ, ಎರಡರ ಬೆಳಕೂ ಕೆಂಪು.

ಮೂಲೆ ಕತ್ತಲಾಯಿತು. ಉಳಿದ ನೀಲಿ ಮೊದಲಿಗಿಂತ ಚೆನ್ನಾಗಿ ಕಂಡಿತು.

ಮರುದಿನ ಊಟದ ಮನೆಯಲ್ಲಿ ಮೊದಲು ಕೂಗಿದ್ದು ಚಿತ್ರಗಾರನ ಹೆಸರನ್ನು. ಕೂಗಿದವನು ವರ್ತಕ.

ನಾನು ಕತೆ ನಿಲ್ಲಿಸಿದೆ. ಒಳಗೆ ಒಗ್ಗರಣೆಯ ಸದ್ದೂ ನಿಂತಿತ್ತು. ಅತ್ತೆ ಬಾಗಿಲಿಗೆ ಬಂದು ಸೌಟು ಹಿಡಿದು ನಿಂತಿದ್ದಳು.

“ಪಾರಿವಾಳದ ಮಾತೊಂದು ಬಿಟ್ಟರೆ ಈ ಸಲ ತೂಕ ಸರಿ ಇದೆ,” ಎಂದಳು.

ತಿಪ್ಪೇಶನ ಕೈ ಮೊಣಕಾಲಿನಿಂದ ಇಳಿದಿತ್ತು. ಪೆಟ್ಟಿಗೆಯ ಮುಚ್ಚಳವನ್ನು ತೆರೆದು, ಜಲಜನಕದ ಫಿಲ್ಟರನ್ನೂ ಗಂಧಕದ ಫಿಲ್ಟರನ್ನೂ ಕಿಟಕಿಯ ಕಡೆ ಹಿಡಿದು ನೋಡಿದ. ಒಂದು ಕಣ್ಣಿಗೆ ಒಂದು. ನೋಡಿ, ನನ್ನ ಕೈಗೆ ಕೊಟ್ಟ. ನಾನೂ ನೋಡಿದೆ. ನನ್ನ ಕಣ್ಣು ಎಂಥದೆಂದರೆ ಚಂದ್ರನ ಮೇಲಿನ ಕಲ್ಲುಗಳಿಗೆ ನಾನು ಹೆಸರಿಟ್ಟಿದ್ದೇನೆ, ಹೆಚ್ಚಿನವಕ್ಕೆ ನನ್ನದೇ ಹೆಸರು. ಆದರೆ ಆ ಎರಡು ಗಾಜಿನಲ್ಲಿ ಯಾವುದು ಯಾವುದು ಎಂದು ಅಂಚಿನ ಬರಹ ಓದದೆ ನನಗೂ ತಿಳಿಯಲಿಲ್ಲ.

ಗಾಜುಗಳನ್ನು ಅವನಿಗೆ ಮರಳಿಸಿದೆ. ಅವನು ಅವನ್ನು ಅವುಗಳ ಜಾಗದಲ್ಲಿ ಇಟ್ಟ. ಪೆಟ್ಟಿಗೆ ಇನ್ನೂ ಮೇಜಿನ ಮೇಲೇ ಇತ್ತು.

“ಕತೆ ಚೆನ್ನಾಗಿದೆ ಮಾವ,” ಎಂದ. “ಎಲ್ಲರ ಕಣ್ಣೂ ಎಲ್ಲೋ ಒಂದು ಕಡೆ ನಿಲ್ಲುತ್ತದೆ, ಒಪ್ಪಿದೆ. ಬಣ್ಣ ಎಂದರೆ ದಾರ, ಅದನ್ನೂ ಒಪ್ಪಿದೆ. ಆದರೆ ಬಳಗದವರೆಲ್ಲ ಕೆಂಪು ದಾರ, ಹಸಿರು ದಾರ ಕಟ್ಟುತ್ತಾರೆ. ಎಲ್ಲರೂ ಕಟ್ಟುವ ಆ ದಾರವೇ ನನಗೆ ಕಾಣುವುದಿಲ್ಲವಲ್ಲ. ನಾನು ಏನು ಮಾಡಲಿ?”

ನಾನು ಪೆಟ್ಟಿಗೆಯ ಮುಚ್ಚಳ ಹಾಕಿ, ಅವನ ಕಡೆಗೆ ತಳ್ಳಿದೆ.

“ನಿನಗೆ ಕಾಣುವ ದಾರ ಕಟ್ಟೋ.”

ತಿಪ್ಪೇಶ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡ.